ಅಪ್ಪನ ಕೀಮೋ ಮುಗಿಯಿತು: ಕೈ ಹಿಡಿದವರಿಗೆಲ್ಲ

ಅಪ್ಪನ ಕೀಮೋ ಮುಗಿದಿದೆ. ಸ್ಕ್ಯಾನ್ ನೋಡಿದ ಡಾಕ್ಟರು, ಸದ್ಯಕ್ಕೆ ಔಷಧಿ ಬೇಡ, ತಪಾಸಣೆಗೆ ಬರ್ತಾ ಇರಿ ಸಾಕು ಅಂದಿದ್ದಾರೆ. ವಿಚಾರಿಸುತ್ತಿದ್ದ ಎಲ್ಲರಿಗೂ ಮೊದಲು ಈ ಸುದ್ದಿ. ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂದರೆ ಗಂಟಲು ಕಟ್ಟುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಅನ್ನೋ ಮಾತಿಗೆ ಮನಸ್ಸು ಹೇಗೋ ಒಗ್ಗಿಕೊಂಡಿತ್ತು. ಅಪ್ಪನ ಮೈ ಕಣ್ಣೆದುರೇ ಇಳಿಯುತ್ತಾ ಹೋದದ್ದಕ್ಕೆ ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಮೊದಲು ವಾಚು ಸಡಿಲವಾಯಿತು. ಆಮೇಲೆ ತೋಳು, ತೊಡೆ. "ಚೆನ್ನಾಗಿ ತಿನ್ನಿಸಿ, ಸರಿಹೋಗ್ತಾರೆ" ಅಂತ ಬಂದವರೆಲ್ಲ ಹೇಳುತ್ತಿದ್ದರು. ಮನೆಯಲ್ಲಿ ಒಂದೊಂದು ತುತ್ತಿಗೂ ಜಗ್ಗಾಟ. ಆಗ ಡಯಟಿಷಿಯನ್ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಾಯಿಲೆ ಮೈಯೊಳಗೆ ಎಬ್ಬಿಸುವ ಉರಿಯೂತವೇ ಹಸಿವನ್ನು ಸಾಯಿಸುತ್ತೆ, ಸ್ನಾಯುಗಳನ್ನೂ ಕರಗಿಸುತ್ತೆ. ಜಾಸ್ತಿ ತಿನ್ನಿಸಿದ ಮಾತ್ರಕ್ಕೆ ಅದು ಪೂರ್ತಿ ನಿಲ್ಲೋದಿಲ್ಲ. ಅವರು ಹಟ ಮಾಡುತ್ತಿಲ್ಲ, ನೀವೂ ಏನೂ ಕಮ್ಮಿ ಮಾಡುತ್ತಿಲ್ಲ. ಸ್ವಲ್ಪ ಸ್ವಲ್ಪವೇ ಆಗಾಗ ಕೊಡಿ, ಬಾಯೆಲ್ಲ ಕಬ್ಬಿಣದ ರುಚಿ ಅಂದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದ್ದು ಕೊಡಿ ಅಂದರು. ಆ ಮೇಡಂಗೆ ದೊಡ್ಡ ನಮಸ್ಕಾರ. ಊಟದ ಹೊತ್ತಿನ ಜಗಳ ಅಲ್ಲಿಗೆ ನಿಂತಿತು.

ಕೀಮೋ ಕೊಡುವ ಡೇ ಕೇರ್ ವಾರ್ಡಿನ ನರ್ಸ್‌ಗೂ ಅಷ್ಟೇ ಋಣಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದು ಗೋಡೆಗೆ ಅಂಟಿಸಿ ಅಂದವರು ಅವರೇ. ಕೀಮೋ ಆದ ಒಂದೆರಡು ವಾರ ಸೋಂಕು ತಡೆಯೋ ಬಿಳಿ ರಕ್ತಕಣ ಇಳಿದಿರುತ್ತೆ, ಜ್ವರ ಅಷ್ಟು ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ ಅಂದಿದ್ದರು. ಒಂದು ರಾತ್ರಿ ಆ ಚೀಟಿ ನೋಡಿಯೇ ನಾವು ಆಸ್ಪತ್ರೆಗೆ ಹೊರಟದ್ದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಫಿಸಿಯೋಥೆರಪಿಸ್ಟ್ ಮಾಡಿದ್ದು. ಅಪ್ಪನಿಗೆ ಕುರ್ಚಿಯಿಂದ ಏಳೋಕೂ ಆಗದಂತಾದಾಗ ಅವರು ಬಂದರು. "ಎತ್ತಬೇಡಿ, ಅವರೇ ಏಳಲಿ" ಅಂದರು. ಮೊದಲು ಕುರ್ಚಿಯ ಅಂಚಿಗೆ ಸರಿಯಬೇಕು. ಪಾದ ಮಂಡಿಗಿಂತ ಸ್ವಲ್ಪ ಹಿಂದೆ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರೋವರೆಗೂ ಮುಂದಕ್ಕೆ ಬಾಗಬೇಕು, ಆಗ ಮೈಭಾರ ತಾನಾಗಿ ಕಾಲಿಗೆ ಬರುತ್ತೆ. ಕಂಕುಳಿಗೆ ಕೈ ಹಾಕಿ ಎಳೆದರೆ ಅವರ ಭುಜಕ್ಕೂ ಕಷ್ಟ, ನಮ್ಮ ಸೊಂಟಕ್ಕೂ ಕಷ್ಟ. ನಾನು ಪಕ್ಕದಲ್ಲಿ ನಿಂತು ಅಪ್ಪನ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದಿದ್ದರೆ ಸಾಕು. ಎದ್ದ ಕೂಡಲೇ ಹೆಜ್ಜೆ ಬೇಡ, ತಲೆಸುತ್ತು ಇಲ್ಲ ಅಂತ ನೋಡಿಕೊಂಡು ಆಮೇಲೆ. ಅಪ್ಪ ಹಾಗೆ ಎದ್ದು, ತೊಡೆ ಗಡಗಡ ನಡುಗುತ್ತಿದ್ದರೂ ನಿಂತರು. "ಬೆಲ್ಟ್ ಅಷ್ಟು ಬಿಗಿಯಾಗಿ ಹಿಡೀಬೇಡ, ನಿಂತಿದೀನಲ್ಲ" ಅಂದರು. ಎಷ್ಟೋ ವಾರಗಳ ನಂತರ ಕೇಳಿದ ಅವರ ಹಳೇ ದನಿ ಅದು.

ಅಪ್ಪನಿಂದ ಆಗೋದನ್ನು ಅಪ್ಪನಿಗೇ ಬಿಡಬೇಕು. ಇದನ್ನು ಅರ್ಥ ಮಾಡಿಕೊಂಡು ಬಂದವರನ್ನು ನಾನು ಮರೆಯೋದಿಲ್ಲ. ಕೀಮೋದ ಕೆಲವು ಔಷಧಿಗಳು ನರಗಳಿಗೆ ಪೆಟ್ಟು ಕೊಡುತ್ತವೆ. ಅಪ್ಪನ ಬೆರಳ ತುದಿಯೆಲ್ಲ ಜೋಮು. ಅಂಗಿಯ ಗುಂಡಿಯನ್ನು ಉಗುರಿನಲ್ಲಿ ತಡಕಿ ಹಿಡಿದು, ಕಾಜಕ್ಕೆ ಅರ್ಧ ತೂರಿಸುವಷ್ಟರಲ್ಲಿ ಜಾರುತ್ತಿತ್ತು. ಅತ್ತೆ ಎಲ್ಲ ಅಂಗಿಗಳಿಗೂ ಒಳಗಿನಿಂದ ವೆಲ್ಕ್ರೋ ಹೊಲಿದುಕೊಟ್ಟರು. "ಮೇಲಿನದೊಂದು ಗುಂಡಿ ನನಗೆ ಬಿಡಮ್ಮ" ಅಂತ ಅಪ್ಪ ಕೇಳಿದ್ದಕ್ಕೆ ಅದೊಂದನ್ನು ಹಾಗೇ ಬಿಟ್ಟರು. ಅದನ್ನು ಹಾಕಿಕೊಳ್ಳೋವರೆಗೂ ನಾವು ಕಾಯುತ್ತಿದ್ದೆವು. ನೋಡೋಕೆ ಬಂದವರಲ್ಲೂ ಕೆಲವರು "ಹೇಗಿದ್ದಾರೆ?" ಅಂತ ನನ್ನನ್ನು ಕೇಳದೆ, ಅಪ್ಪನ ಪಕ್ಕ ಕೂತು ಅಪ್ಪನನ್ನೇ ಕೇಳಿದರು. ಅದು ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಪ್ಯಾಲಿಯೇಟಿವ್ ಕೇರ್ ಡಾಕ್ಟರನ್ನು ನೋಡಿ ಅಂದಾಗ ನಮ್ಮೆಲ್ಲರ ಎದೆ ಧಸಕ್ಕೆಂದಿತ್ತು. ಅದು ಕೊನೆಗಾಲಕ್ಕೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ, ಅಲ್ವಾ? ಹಾಗಲ್ಲ, ನೋವು, ಸುಸ್ತಿನಂಥ ಕಷ್ಟಗಳನ್ನು ತಗ್ಗಿಸೋ ಆರೈಕೆ ಅದು. ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಯ ಜೊತೆಗೇ ಶುರುವಿನಿಂದ ಈ ಆರೈಕೆ ಪಡೆದವರ ಗುಂಪು ಹೆಚ್ಚು ನೆಮ್ಮದಿಯಾಗಿತ್ತು, ಹೆಚ್ಚು ಕಾಲವೂ ಬದುಕಿತ್ತು. ನೋವಿನ ಮಾತ್ರೆಯ ಜೊತೆಗೇ ಮಲಬದ್ಧತೆಗೂ ಔಷಧಿ ಕೊಟ್ಟು, ನಿದ್ದೆ ಮಾಡಿದರೂ ಹೋಗದ ಸುಸ್ತು ಸೋಮಾರಿತನವಲ್ಲ ಅಂತ ಅಪ್ಪನಿಗೆ ಧೈರ್ಯ ಹೇಳಿದವರು ಈ ಡಾಕ್ಟರು.

ರಾತ್ರಿ ಪಾಳಿ ಹಂಚಿಕೊಂಡ ಗೆಳೆಯರೇ, ನೀವು ಕೂತಿದ್ದಕ್ಕೆ ನಾನು ಮಲಗಿದೆ. ಆಫೀಸಿನಲ್ಲಿ ನನ್ನ ಕೆಲಸ ಸುಮ್ನೆ ಎತ್ತಿಕೊಂಡವರಿಗೂ ಥ್ಯಾಂಕ್ಸ್.

ಅಪ್ಪಾ, ನಿಮಗೂ. ಸ್ನಾನಕ್ಕೆ ಮಕ್ಕಳ ಕೈಗೆ ಮೈ ಒಪ್ಪಿಸೋದು ಸುಲಭದ ಮಾತಲ್ಲ. ನೀವು ಒಪ್ಪಿಸಿದಿರಿ.

ಕಾಲಿನ ಬಲ ಪೂರ್ತಿ ಬಂದಿಲ್ಲ, ವಾಕರ್ ಇನ್ನೂ ಬೇಕು. ಗೆಳೆಯರು ಕೊಟ್ಟಿದ್ದ ವೀಲ್‌ಚೇರ್ ಮಾತ್ರ ಈಗ ಖಾಲಿ ಇದೆ. ವಾಪಸ್ ಬೇಡ, ಬೇಕಾದವರಿಗೆ ಕೊಡಿ ಅಂದಿದ್ದಾರೆ. ಬ್ರೇಕ್ ಎರಡೂ ಸರಿಯಾಗಿವೆ. ಯಾರ ಮನೆಗಾದರೂ ಬೇಕಿದ್ದರೆ ಹೇಳಿ, ನಾನೇ ತಂದುಕೊಡುತ್ತೇನೆ. ಕುರ್ಚಿಯಿಂದ ಏಳೋದು ಹೇಗೆ ಅಂತಲೂ ತೋರಿಸುತ್ತೇನೆ.