ಹಳೆಯ ಕನ್ನಡ ಪುಸ್ತಕಗಳು ಎಲ್ಲರಿಗೂ ಸಿಗಲಿ: ಗ್ರಂಥಾಲಯಕ್ಕಾಗಿ ದೇಣಿಗೆ ಮನವಿ

ಮಾನ್ಯ ಸದಸ್ಯರಿಗೆ, ಹಿತೈಷಿಗಳಿಗೆ, ಮುಂಬಯಿಯ ಸಮಸ್ತ ಕನ್ನಡ ಬಂಧುಗಳಿಗೆ ವಿಶ್ವಸ್ತ ಮಂಡಳಿಯ ನಮಸ್ಕಾರಗಳು.

ಮಾಟುಂಗದ ನಮ್ಮ ಸಂಘದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿರುವುದು ತಮಗೆ ತಿಳಿದೇ ಇದೆ. ಮೇ ತಿಂಗಳು ಮುಗಿಯುವುದರೊಳಗೆ ಗ್ರಂಥಾಲಯದ ಕೋಣೆ ಖಾಲಿಯಾಗಬೇಕು. ಹೊಸ ಜಾಗ ಸಿಗುವ ತನಕ ಪುಸ್ತಕಗಳು ಗೋದಾಮಿನಲ್ಲಿ, ಅದೂ ಮಳೆಗಾಲದಲ್ಲಿ. ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಲ್ಲುವುದನ್ನು ವರ್ಷವರ್ಷವೂ ಕಂಡವರು ನಾವು. 2005ರ ಜುಲೈ 26ರ ಮಳೆಗೆ ಕೆಳಗಿನ ಕಪಾಟುಗಳಲ್ಲಿದ್ದದ್ದೆಲ್ಲ ಹೋಯಿತು. ಬಿಡಿಸಲು ಹೋದರೆ ಹಾಳೆಗಳು ಮುದ್ದೆಯಾಗಿ ಕೈಗೆ ಬಂದವು. ಆ ಸಂಕಟ ಮತ್ತೆ ಬೇಡ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನೆಲ್ಲ ಕಟ್ಟಡ ಬಿಡುವ ಮೊದಲೇ ಸ್ಕ್ಯಾನ್ ಮಾಡಿ, ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಡಲು ಹೊರಟಿದ್ದೇವೆ.

ಈ ಗ್ರಂಥಾಲಯ ಯಾರಿಂದ ಬೆಳೆಯಿತೆಂದು ಹಿರಿಯರಿಗೆ ಹೇಳಬೇಕಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆಯಾದರೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಉಡುಪಿ, ಕುಂದಾಪುರ ಕಡೆಯ ಹುಡುಗರು ಇಲ್ಲೇ ಕೂತು ಪರೀಕ್ಷೆಗೆ ಓದಿದರು. ಅವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೇರಿದವರಿದ್ದಾರೆ, ಸ್ವಂತ ಹೋಟೆಲು ಇಟ್ಟವರಿದ್ದಾರೆ. ಊರಿಗೆ ಹೋದಾಗಲೆಲ್ಲ ಟ್ರಂಕಿನಲ್ಲಿ ಪುಸ್ತಕ ಹೊತ್ತು ತಂದು ಈ ಕಪಾಟುಗಳನ್ನು ತುಂಬಿಸಿದವರೂ ಅವರೇ. ತಾಳಮದ್ದಲೆ, ನಾಟಕದ ತಾಲೀಮು, ಪುಸ್ತಕ ಬಿಡುಗಡೆ, ಕವಿಗೋಷ್ಠಿ, ಎಲ್ಲವನ್ನೂ ಆ ಒಂದೇ ಕೋಣೆ ಕಂಡಿದೆ. ಇಂದು ಅವರ ಮೊಮ್ಮಕ್ಕಳು ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರದಲ್ಲಿದ್ದಾರೆ. ಲೋಕಲ್ ಹಿಡಿದು ಮಾಟುಂಗಕ್ಕೆ ಬರಲು ಅವರಿಗೆ ಪುರುಸೊತ್ತಿಲ್ಲ. ಕನ್ನಡ ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಕನ್ನಡ ಪುಸ್ತಕವೇ ಇಲ್ಲ. ಆದರೆ ಅಪ್ಪನ ಕೈಯಲ್ಲಿ ಮೊಬೈಲಿದೆ. ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರ ಕತೆ ಆ ಮೊಬೈಲಿಗೆ ತಲುಪಬೇಕು.

ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು ಸಾರ್ವಜನಿಕ ಸ್ವತ್ತು. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ, ತ್ರಿವೇಣಿಯವರ ಅಂಥ ಕೃತಿಗಳು 2024ರ ಜನವರಿ 1ರಿಂದ ಎಲ್ಲರವೂ ಆದವು. ಮರುವರ್ಷ ಆಲೂರು ವೆಂಕಟರಾಯರ, ಫ.ಗು. ಹಳಕಟ್ಟಿಯವರ ಸರದಿ ಬಂತು. ತಾಳೆಗರಿ ಹುಡುಕುತ್ತ ಊರೂರು ಅಲೆದು, ವಚನಗಳನ್ನು ಅಚ್ಚು ಮಾಡಲೆಂದೇ ಇದ್ದ ಮನೆಯನ್ನು ಮಾರಿದವರು ಹಳಕಟ್ಟಿಯವರು. ಅಂಥವರ ದುಡಿಮೆಗೆ ಇನ್ನಾರೋ ಬೀಗ ಹಾಕಿದರೆ ಸುಮ್ಮನಿರಲಾದೀತೆ?

ಈಚೆಗೆ ನಮಗೆ ಆದದ್ದು ಇಂಥದ್ದೇ. ಹಳೆಯ ಪುಸ್ತಕವೊಂದನ್ನು ಮರುಮುದ್ರಿಸಿದ ಪ್ರಕಾಶಕರೊಬ್ಬರು, ನಾವು ಮೊದಲ ಮುದ್ರಣದಿಂದ ಮಾಡಿದ ಸ್ಕ್ಯಾನಿನ ಮೇಲೂ ತಮ್ಮ ಹಕ್ಕಿದೆಯೆಂದು ದೂರು ಕೊಟ್ಟರು. ಸರ್ವರ್ ಒದಗಿಸುವ ಕಂಪನಿ ವಿಚಾರಿಸದೆ ಪುಟವನ್ನು ತೆಗೆದುಹಾಕಿತು. ದೂರು ಕೊಟ್ಟವರು 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಪುಟವನ್ನು ಮತ್ತೆ ತೆರೆಯಲು ಕಾಯಿದೆಯಲ್ಲಿ ಅವಕಾಶವಿದೆ. ಆದೇಶ ಬರಲಿಲ್ಲ, ಪುಟವೂ ತೆರೆಯಲಿಲ್ಲ, ನಮ್ಮ ಪತ್ರಗಳಿಗೆ ಉತ್ತರವೂ ಇಲ್ಲ. ಅವರ ಹೊಸ ಮುನ್ನುಡಿ, ಟಿಪ್ಪಣಿಗಳ ಹಕ್ಕು ಅವರದೇ. ನಾವು ಅವನ್ನು ಮುಟ್ಟಿಲ್ಲ. ಮೂಲ ಕೃತಿ ಮಾತ್ರ ಯಾರೊಬ್ಬರ ಸೊತ್ತೂ ಅಲ್ಲ. ಇದನ್ನು ವಕೀಲರ ಮೂಲಕವೇ ಹೇಳಿಸಬೇಕಾಗಿದೆ.

ಲೇಖಕರ ಹಕ್ಕಿನ ಬಗ್ಗೆ ನಮಗೆ ಗೌರವವಿದೆ. ಹಕ್ಕಿನ ಅವಧಿ ಇನ್ನೂ ಮುಗಿಯದ ಅನಕೃ ಅವರ ಕಾದಂಬರಿಗಳನ್ನು 2031 ಮುಗಿಯುವ ತನಕ ಅಂತರ್ಜಾಲಕ್ಕೆ ಏರಿಸುವುದಿಲ್ಲ. ಶಿಥಿಲವಾದ ಪ್ರತಿಗಳನ್ನು ರಕ್ಷಣೆಗಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳುತ್ತೇವೆ ಅಷ್ಟೇ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳಿಗೆ ಹಕ್ಕುಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಇದಕ್ಕೆ ಅನುಮತಿ ಕೊಟ್ಟಿದೆ.

ಪುಸ್ತಕದ ಬೆನ್ನು ಮುರಿಯದಂಥ ಸ್ಕ್ಯಾನರಿಗೆ ಸುಮಾರು ಎರಡೂವರೆ ಲಕ್ಷ ಬೇಕು. ಕೆಲಸಕ್ಕೆ ಇಬ್ಬರು ಹುಡುಗರು, ಸರ್ವರ್ ಬಾಡಿಗೆ, ವಕೀಲರ ಫೀ, ಗೋದಾಮು ಎಲ್ಲ ಸೇರಿ ಇನ್ನೊಂದು ಮೂರು, ಮೂರೂವರೆ ಲಕ್ಷ. ಒಂದು ಪುಸ್ತಕಕ್ಕೆ ಅಂದಾಜು ಐನೂರು ರೂಪಾಯಿ ಬೀಳುತ್ತದೆ. ತಂದೆ ತಾಯಿಯ ಹೆಸರಿನಲ್ಲಿ ಒಂದು ಪುಸ್ತಕದ ಖರ್ಚು ಕೊಟ್ಟರೂ ಸಂತೋಷ. ಸ್ಕ್ಯಾನಿನ ಮೊದಲ ಪುಟದಲ್ಲಿ ಆ ಹೆಸರು ಹಾಕುತ್ತೇವೆ. ಚೆಕ್ಕನ್ನು ಸಂಘದ ಹೆಸರಿಗೇ ಬರೆದು ಕಚೇರಿಯಲ್ಲಿ ಖಜಾಂಚಿಗಳಿಗೆ ತಲುಪಿಸಿ, ಆದಾಯ ತೆರಿಗೆ ರಿಯಾಯಿತಿಯ (80ಜಿ) ರಸೀದಿ ಪಡೆಯಿರಿ. ಏಪ್ರಿಲ್ ಮುಗಿಯುವುದರೊಳಗೆ ಕೊಟ್ಟರೆ ಒಂದು ತಿಂಗಳಾದರೂ ಕೆಲಸಕ್ಕೆ ಸಿಗುತ್ತದೆ.

ಇನ್ನೊಂದು ಬಿನ್ನಹ. ನಿರಂಜನರ ಕೃತಿಗಳನ್ನು ಅವರ ಮನೆಯವರು ಅವಧಿ ಮುಗಿಯಲೆಂದು ಕಾಯದೆ ಲೇಖಕರ ಹೆಸರು ಉಳಿಸಿ ಯಾರು ಬೇಕಾದರೂ ಹಂಚಬಹುದೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂಬಯಿಯ ಕನ್ನಡ ಲೇಖಕರ ಮಕ್ಕಳು, ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ, ದಯವಿಟ್ಟು ಕಾರ್ಯದರ್ಶಿಗಳನ್ನು ಕಂಡು ಮಾತನಾಡಿ. ಒಪ್ಪಿಗೆ ಪತ್ರದ ನಮೂನೆ ಕಚೇರಿಯಲ್ಲಿ ಸಿದ್ಧವಿದೆ.

ತಮ್ಮ ವಿಶ್ವಾಸಿಗಳು,
ವಿಶ್ವಸ್ತ ಮಂಡಳಿ