ಕಾರ್ಟ್ರಿಜ್ ಅದಲುಬದಲು ಇನ್ನಿಲ್ಲ, ನಿಮ್ಮದನ್ನೇ ತುಂಬಿ ಕೊಡುತ್ತೇವೆ

ನಮ್ಮ ಎಲ್ಲ ಗ್ರಾಹಕರಿಗೆ ಶರಣು ಶರಣಾರ್ಥಿ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಪ್ರಿಂಟರಿನ ಇಂಕು ಕಾರ್ಟ್ರಿಜ್ ಅದಲುಬದಲು ಇರುವುದಿಲ್ಲ. ಖಾಲಿಯಾದದ್ದನ್ನು ಕೊಟ್ಟು, ಮೇಲೆ 250 ರೂಪಾಯಿ ಇಟ್ಟು, ನಾವು ತುಂಬಿಟ್ಟ ಬೇರೊಂದನ್ನು ಐದು ನಿಮಿಷದಲ್ಲಿ ಒಯ್ಯುತ್ತಿದ್ದಿರಲ್ಲ, ಅದು ಬಂದ್. ಇನ್ಮೇಲೆ ನೀವು ತಂದದ್ದಕ್ಕೇ ಇಂಕು ತುಂಬಿ ನಿಮಗೇ ವಾಪಸ್ ಕೊಡುತ್ತೇವೆ. ಕಪ್ಪಿಗೆ 150, ಕಲರಿಗೆ 200. ರೇಟು ಇಳಿದಿದೆ, ಕಾಯುವುದು ಜಾಸ್ತಿಯಾಗಿದೆ. ಕಪ್ಪಿಗೆ ಒಂದು ತಾಸು, ಕಲರಿಗೆ ಮರುದಿನ.

"ಕಾಯೋದ್ಯಾಕ್ರಿ, ಮೊದಲಿಂದೇ ಚಲೋ ಇತ್ತು" ಅಂತ ಈಗಾಗಲೇ ಕೆಲವರು ಅಂದಿದ್ದಾರೆ. ಅವರಿಗಾಗಿಯೇ ಈ ಪತ್ರ.

ನಮ್ಮ ಅಂಗಡಿಗೆ ಜಾಸ್ತಿ ಬರುವ ಎಚ್‌ಪಿ 678, 680ರಂಥ ಕಾರ್ಟ್ರಿಜ್ ಬರೀ ಇಂಕಿನ ಡಬ್ಬಿ ಅಲ್ಲ. ಕಾಗದದ ಮೇಲೆ ಇಂಕು ಚಿಮ್ಮಿಸುವ ಹೆಡ್ಡು ಅದರ ತಳದಲ್ಲೇ ಇರುತ್ತದೆ. ಕೂದಲಿಗಿಂತ ಸಣ್ಣ ತೂತುಗಳು, ಪ್ರತಿ ತೂತಿಗೂ ಒಂದು ಪುಟ್ಟ ಹೀಟರ್. ಹೀಟರ್ ಕಾದಾಗ ಇಂಕು ಕುದ್ದು ಗುಳ್ಳೆ ಏಳುತ್ತದೆ, ಆ ಗುಳ್ಳೆ ಹನಿಯನ್ನು ಹೊರಗೆ ತಳ್ಳುತ್ತದೆ. ಹೀಟರನ್ನು ತಂಪಾಗಿಡುವುದೂ ಅದೇ ಇಂಕು. ಇಂಕು ತೀರಿದ ಮೇಲೂ ಪ್ರಿಂಟ್ ಕೊಡುತ್ತಾ ಹೋದರೆ ಉರಿಯುವ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ. ಹೆಡ್ಡು ಸುಡುತ್ತದೆ. ಆದರೆ ಸುಟ್ಟದ್ದು ಹೊರಗಿನಿಂದ ಕಾಣುವುದಿಲ್ಲ.

ಅದಲುಬದಲಿನ ತೊಂದರೆ ಇದೇ ಆಗಿತ್ತು. ಒಬ್ಬರು ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ ತರುತ್ತಾರೆ. ಇನ್ನೊಬ್ಬರು ಕಾಗದ ಬಿಳಿಯಾಗಿಯೇ ಹೊರಬರುವವರೆಗೆ ಬಿಡುವುದಿಲ್ಲ. ಎರಡೂ ನಮ್ಮ ಒಂದೇ ಡಬ್ಬದಲ್ಲಿ ಬೀಳುತ್ತಿದ್ದವು. ಜೋಪಾನ ಮಾಡಿದವರಿಗೆ ಸುಟ್ಟದ್ದು, ಸುಟ್ಟವರಿಗೆ ಒಳ್ಳೆಯದು. ಆಳಂದ ರಸ್ತೆ ಕಡೆಯ ಟೀಚರ್ ಒಬ್ಬರು ಒಯ್ದದ್ದು ಮೂರೇ ದಿನಕ್ಕೆ ಗೆರೆ ಬಿಡತೊಡಗಿತು. ವಾಪಸ್ ಬಂದು, "ನಂದು ಚಲೋ ಇತ್ತಲ್ರೀ ಅಣ್ಣಾರ, ಯಾರ್ದೋ ಕೆಟ್ಟಿದ್ದು ನಂಗ್ಯಾಕ ಕೊಟ್ರಿ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ವಾಪಸ್ ಕೊಟ್ಟೆವು. ಅವರ ಕಾರ್ಟ್ರಿಜ್ ಅಷ್ಟೊತ್ತಿಗೆ ಯಾರ ಮನೆ ಸೇರಿತ್ತೋ!

ಇನ್ನೊಂದು ಕಾರಣವೂ ಇದೆ. ಕೆಲವು ಪ್ರಿಂಟರ್‌ಗಳಲ್ಲಿ ಕಾರ್ಟ್ರಿಜ್ ಪ್ರೊಟೆಕ್ಷನ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದಾಗ ಹಾಕಿದ ಕಾರ್ಟ್ರಿಜ್ ಆ ಒಂದೇ ಪ್ರಿಂಟರ್‌ಗೆ ಕಾಯಂ. ಇಂಕು ತುಂಬಿದರೂ ಬೇರೆಯವರ ಪ್ರಿಂಟರ್ ಅದನ್ನು ಒಪ್ಪುವುದಿಲ್ಲ, ನಿಮ್ಮದು ಒಪ್ಪುತ್ತದೆ.

ಈಗ ಹೇಗೆ ಮಾಡುತ್ತೇವೆ ಅಂದರೆ, ಮೊದಲು ನಿಮ್ಮೆದುರಿಗೇ ತೂಕ, ತುಂಬಿದ ಮೇಲೆ ಮತ್ತೆ ತೂಕ. ಒಂದು ಎಂಎಲ್ ಇಂಕು ಹೆಚ್ಚುಕಡಿಮೆ ಒಂದು ಗ್ರಾಂ, ಹಾಗಾಗಿ ಎಷ್ಟು ಹೋಯಿತು ಅಂತ ನೀವೇ ನೋಡಬಹುದು. ಆಮೇಲೆ ಟೆಸ್ಟ್ ಪ್ರಿಂಟ್. ಗೆರೆ ಬಿಟ್ಟರೆ, ಹೆಡ್ಡು ಸುಟ್ಟಿದ್ದರೆ, ಒಂದು ಪೈಸೆ ಬೇಡ. ಕಲರಿಗೆ ಒಂದು ರಾತ್ರಿ ಬೇಕು, ಯಾಕೆಂದರೆ ಒಳಗೆ ಮೂರು ಬಣ್ಣಕ್ಕೆ ಮೂರು ಸ್ಪಂಜು. ಅವಸರ ಮಾಡಿ ತುಂಬಿದರೆ ಹಳದಿಯೊಳಗೆ ನೀಲಿ ನುಗ್ಗಿ ಫೋಟೋದಲ್ಲಿ ಎಲ್ಲರ ಮುಖವೂ ಹಸಿರು.

ತುಂಬಿದ ಮೇಲೂ ಪ್ರಿಂಟರ್ "ಇಂಕು ಕಡಿಮೆ" ಅಂತ ತೋರಿಸಬಹುದು. ಗಾಬರಿ ಬೇಡ. ಅದು ಡಬ್ಬಿಯೊಳಗೆ ಇಣುಕಿ ನೋಡುವುದಿಲ್ಲ, ಚಿಮ್ಮಿದ ಹನಿಗಳನ್ನು ಎಣಿಸುತ್ತದೆ, ಅಷ್ಟೇ. ಓಕೆ ಒತ್ತಿ ಮುಂದೆ ಹೋಗಿ. ಆದರೆ ಅಕ್ಷರ ಮಸುಕಾದರೆ ಅವತ್ತೇ ನಿಲ್ಲಿಸಿ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಪ್ರಿಂಟರ್ ಸುಮ್ನೆ ಕೂತರೆ ತೂತಿನಲ್ಲೇ ಇಂಕು ಒಣಗುತ್ತದೆ. ವಾರಕ್ಕೊಂದು ಕಲರ್ ಪುಟ ತೆಗೆಯಿರಿ. ಗೋಡೆಯ ಸ್ವಿಚ್‌ನಿಂದ ಆರಿಸಬೇಡಿ. ಪ್ರಿಂಟರಿನ ಬಟನ್ ಒತ್ತಿದರೆ ಹೆಡ್ಡು ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಾಯಿ ತೆರೆದೇ ಉಳಿಯಬಹುದು. ಪ್ರಿಂಟ್ ಮಧ್ಯದಲ್ಲಿ ಕರೆಂಟು ಹೋಯಿತಾ? ಬಂದ ಮೇಲೆ ಒಮ್ಮೆ ಆನ್ ಮಾಡಿ, ಬಟನ್‌ನಿಂದಲೇ ಆಫ್ ಮಾಡಿ. ಅಂಗಡಿಗೆ ತರುವಾಗ ಕಾರ್ಟ್ರಿಜ್ ಗಾಡಿಯ ಡಿಕ್ಕಿಯಲ್ಲಿ ಬೇಡ. ಬಿಸಿಲಿಗೆ ಉಬ್ಬಿ ಸೋರಿ, ಒಬ್ಬರ ಆರ್‌ಸಿ ಪುಸ್ತಕವೇ ಕೆಂಪಾಗಿತ್ತು.

ಪಹಣಿ, ಹಾಲ್ ಟಿಕೆಟ್, 371(ಜೆ) ಮೀಸಲಾತಿ ಅರ್ಜಿ, ಇಂಥವಕ್ಕೆ ಕಲರ್ ಯಾಕೆ? ಸೆಟ್ಟಿಂಗಿನಲ್ಲಿ "ಬ್ಲ್ಯಾಕ್ ಇಂಕ್ ಓನ್ಲಿ" ಆಯ್ಕೆ ಮಾಡಿ. ಬರೀ "ಗ್ರೇಸ್ಕೇಲ್" ಅಂದರೆ ಕೆಲವು ಪ್ರಿಂಟರ್ ಮೂರೂ ಬಣ್ಣ ಬೆರೆಸಿ ಬೂದು ಬಣ್ಣ ಮಾಡುತ್ತವೆ.

ನಮ್ಮ ವ್ಯಾಪಾರಕ್ಕೆ ನಷ್ಟವಾದರೂ ಒಂದು ಮಾತು. 680ರ ಕಪ್ಪು ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು ಸುಮಾರು 480 ಪುಟ, ಕಲರಿಗೆ 150. ಬಾಟಲಿಯಿಂದ ನೇರ ಇಂಕು ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರುಗಳೂ ಇವೆ; ಅವಕ್ಕೆ ಬರುವ ಎಪ್ಸನ್ 003ರ 65 ಎಂಎಲ್ ಕಪ್ಪು ಬಾಟಲಿಗೆ ಹೇಳುವುದು ಸುಮಾರು 4500 ಪುಟ. ನೀವು ಟ್ಯೂಷನ್ ನಡೆಸುವವರಾಗಿದ್ದು ದಿನಾ ಹತ್ತಿಪ್ಪತ್ತು ಪುಟ ತೆಗೆಯುತ್ತಿದ್ದರೆ ನಮ್ಮ ಹತ್ತಿರ ಮತ್ತೆ ಮತ್ತೆ ತುಂಬಿಸುವ ಬದಲು ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವುದೇ ಲಾಭ. ತಿಂಗಳಿಗೆ ಹತ್ತಾರು ಪುಟದವರಿಗೆ ರೀಫಿಲ್ ಸಾಕು. ಮದುವೆ ಫೋಟೋ ಆಲ್ಬಂಗೆ ಮಾತ್ರ ರೀಫಿಲ್ ಬೇಡ, ಬಣ್ಣ ಬೇಗ ಮಾಸಬಹುದು. ಪ್ರಿಂಟರ್ ಇನ್ನೂ ವಾರಂಟಿಯಲ್ಲಿದ್ದರೆ ಮೊದಲೇ ಹೇಳಿ. ಬೇರೆ ಇಂಕಿನಿಂದ ಹಾಳಾದರೆ ವಾರಂಟಿ ಸಿಗುವುದು ಕಷ್ಟ.

ಕಳೆದ ಮೂರು ತಿಂಗಳಲ್ಲಿ ನಮ್ಮಲ್ಲಿ ಬದಲಿಸಿಕೊಂಡದ್ದು ಗೆರೆ ಬಿಡುತ್ತಿದ್ದರೆ ತನ್ನಿ. ಬಿಲ್ಲು ಇಲ್ಲದಿದ್ದರೂ ನಡೆಯುತ್ತದೆ, ನಮ್ಮ ವಹಿಯಲ್ಲಿ ನಿಮ್ಮ ಹೆಸರು ಇರುತ್ತದೆ. ಸಂಜೆ ಆರರೊಳಗೆ ಕೊಟ್ಟ ಕಪ್ಪು ಅವತ್ತೇ ಸಿಗುತ್ತದೆ. ಭಾನುವಾರ ಅಂಗಡಿ ಇಲ್ಲ.

ನಿಮ್ಮ ಅಂಗಡಿಯವರು
ಸೂಪರ್ ಮಾರ್ಕೆಟ್, ಕಲಬುರಗಿ