ಪಂಚಾಯಿತಿ ಸಮಾವೇಶ: ನಮ್ಮನ್ನೂ ಮಾತಾಡಲು ಬಿಡಿ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿ ಅಧ್ಯಕ್ಷರು ಮತ್ತು ಸದಸ್ಯರ ಸಮಾವೇಶವೊಂದಕ್ಕೆ ಈಚೆಗೆ ಹೋಗಿದ್ದೆ. ನಾಡಗೀತೆ, ಸ್ವಾಗತ, ಪೇಟ, ಹಾರ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ವೇದಿಕೆಯ ಮೇಲಿದ್ದ ಎರಡು ಸಾಲು ಗಣ್ಯರಲ್ಲಿ ಹಾಲಿ ಅಧ್ಯಕ್ಷೆ ಒಬ್ಬರೂ ಇರಲಿಲ್ಲ. ಜಿಲ್ಲಾವಾರು ಆಸನ ಹಾಕಿದ್ದರಿಂದ ನನ್ನ ಎಡಬಲಕ್ಕೆ ಕುಳಿತವರು ತಾಲ್ಲೂಕು ಸಭೆಗಳಲ್ಲಿ ಸದಾ ಸಿಗುವ ನಮ್ಮವರೇ. ಅವರ ಜೊತೆ ಹರಟೆ ಹೊಡೆಯಲು ಅಷ್ಟು ದೂರ ಬಸ್ಸಿನಲ್ಲಿ ಹೋಗಬೇಕಿತ್ತೇ?

ಆ ದಿನ ನನಗೆ ದಕ್ಕಿದ್ದು ಊಟದ ಸಾಲಿನಲ್ಲಿ. ಮುಂದೆ ನಿಂತಿದ್ದವರು ಕಾರ್ಕಳ ಕಡೆಯ ಅಧ್ಯಕ್ಷೆ. "ನಿಮ್ಮಲ್ಲಿ ಒಣ ಕಸ ಎಲ್ಲಿಗೆ ಹೋಗುತ್ತದೆ ಅಕ್ಕ?" ಎಂದರು. ಎಲ್ಲಿಗೂ ಹೋಗುವುದಿಲ್ಲ, ಶೆಡ್ಡಿನಲ್ಲೇ ಬಿದ್ದಿದೆ ಎಂದೆ. ಅವರ ಕಾರ್ಕಳ ತಾಲ್ಲೂಕಿನ ನಿಟ್ಟೆಯ ಘಟಕಕ್ಕೆ ಸುತ್ತಲಿನ ಪಂಚಾಯಿತಿಗಳ ಒಣ ಕಸ ಹೋಗುವುದು, ಅಲ್ಲಿ ಅದನ್ನು ವಿಂಗಡಿಸಿ ಮಾರುವುದು ನಾನು ಕೇಳಿದ್ದ ಸಂಗತಿಯೇ. ಆದರೆ ಗಾಡಿಗೆ ಡೀಸೆಲ್ ಹಣ ಎಲ್ಲಿಂದ, ಅಂಗಡಿಯವನು ಶುಲ್ಕ ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಯಾವ ವಾರ ಯಾವ ವಾರ್ಡು ಎಂದು ಬರೆದೇ ತೋರಿಸಿದರು. ಸಾರು ಆರಿ ಹೋಯಿತು. ಅವರಿಗೂ ಒಂದು ಚಿಂತೆಯಿತ್ತು: ಅಷ್ಟು ಮಳೆಯ ಸೀಮೆಯಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗಳು ಒಣಗುತ್ತವಂತೆ, ನಲ್ಲಿ ನೀರಿಗೆ ಜಗಳವಂತೆ. ಆ ವಿದ್ಯೆಯಲ್ಲಿ ಹೊಸದುರ್ಗದವರಾದ ನಾವು ಪಳಗಿದವರು. ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಎಂದು ಟ್ಯಾಂಕಿನ ಬುಡದಲ್ಲಿ ಕಪ್ಪು ಹಲಗೆಯ ಮೇಲೆ ಬರೆಸಿದ ಮೇಲೆ ನಮ್ಮ ನೀರುಗಂಟಿ ಬೈಸಿಕೊಳ್ಳುವುದು ಕಡಿಮೆಯಾಗಿದೆ ಎಂದೆ. ಅಷ್ಟರಲ್ಲಿ "ಎಲ್ಲರೂ ಸಭಾಂಗಣಕ್ಕೆ ಬನ್ನಿ" ಎಂದು ಮೈಕು ಕೂಗಿತು. ಮತ್ತೆ ಭಾಷಣ.

ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಧ್ಯಕ್ಷರ ಅವಧಿ 30 ತಿಂಗಳು. ಕಾಮಗಾರಿ, ಕ್ರಿಯಾಯೋಜನೆ, ಬಿಲ್ಲು ಎಂದರೇನೆಂದು ತಿಳಿಯುವುದರಲ್ಲೇ ಅದರ ಒಂದು ಪಾಲು ಕಳೆಯುತ್ತದೆ. ನಿಯಮ ಹೇಳಿಕೊಡಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇದ್ದಾರೆ, ತರಬೇತಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಇದೆ. ಕಂದಾಯ ಕಟ್ಟದ ಸ್ವಂತ ಭಾವನ ಮನೆಗೆ ನೋಟಿಸ್ ಕಳಿಸುವುದು ಹೇಗೆಂದು ಮಾತ್ರ ಇನ್ನೊಬ್ಬ ಅಧ್ಯಕ್ಷೆಯೇ ಹೇಳಬೇಕು.

ಆದ್ದರಿಂದ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ. ಭಾಷಣಗಳನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಜಿಲ್ಲಾವಾರು ಬೇಡ. ಕಸದವರು ಒಂದು ಕಡೆ, ನೀರಿನವರು ಒಂದು ಕಡೆ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಡೆಸುವವರು ಒಂದು ಕಡೆ ಕೂರಲಿ. ಅಧ್ಯಕ್ಷೆಯರ ಪತಿರಾಯರಿಗೆ ಹೊರಗೆ ಬೇರೆ ಶಾಮಿಯಾನ ಹಾಕಿಸಿ, ಕಾಫಿಯನ್ನೂ ಕೊಡಿ. ಅವರು ಪಕ್ಕದಲ್ಲಿದ್ದರೆ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಸ್ಮರಣ ಸಂಚಿಕೆಯಲ್ಲಿ ಗಣ್ಯರ ಭಾವಚಿತ್ರಕ್ಕೆ ಹತ್ತಾರು ಪುಟ ಮೀಸಲಿಡುವವರು, ಬಂದವರ ಪಂಚಾಯಿತಿ, ಅವರು ಮಾಡಿ ಗೆದ್ದ ಒಂದು ಕೆಲಸ ಮತ್ತು ಅವರು ಒಪ್ಪಿದರೆ ಮೊಬೈಲ್ ಸಂಖ್ಯೆ ಇಷ್ಟನ್ನು ಕೊನೆಯ ನಾಲ್ಕು ಪುಟಗಳಲ್ಲಿ ಅಚ್ಚು ಹಾಕಲಿ.

ಗ್ರಾಮ ಪಂಚಾಯಿತಿಯ ಮಾಜಿ ಅಧ್ಯಕ್ಷೆ,
ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ